ಹತ್ತು ಪೌಂಡಿನ ಲೆಕ್ಕ: 2023ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಕೊರಾಕ್ ರಾಂಬ್ಲರ್

2023ರ ಏಪ್ರಿಲ್ 15ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಏಂಟ್ರೀ ರೇಸ್‌ಕೋರ್ಸಿನಲ್ಲಿ 39 ಕುದುರೆಗಳು ಗ್ರ್ಯಾಂಡ್ ನ್ಯಾಷನಲ್‌ಗೆ ನಿಂತವು. ಗೆದ್ದದ್ದು ಕೊರಾಕ್ ರಾಂಬ್ಲರ್. ಅದರ ದರ 8/1 ಇತ್ತು, ಅಂದರೆ ಒಂದು ರೂಪಾಯಿ ಕಟ್ಟಿದರೆ ಎಂಟು ರೂಪಾಯಿ ಲಾಭ. ಆ ದಿನದ ಫೇವರಿಟ್, ಅಂದರೆ ಅತಿ ಕಡಿಮೆ ದರದ ಕುದುರೆ ಕೂಡ ಅದೇ. ಫೇವರಿಟ್ಟೇ ಗೆದ್ದ ಮೇಲೆ ಬರೆಯೋದಕ್ಕೆ ಏನಿದೆ ಅಂತ ಕೇಳಬಹುದು. ಆದರೆ ಆ ಕುದುರೆ ಫೇವರಿಟ್ ಆದ ಕಾರಣ ಸ್ವಾರಸ್ಯವಾಗಿದೆ. ಮೈದಾನದಲ್ಲಿದ್ದ ಕುದುರೆಗಳಲ್ಲಿ ಅದು ಅತ್ಯುತ್ತಮವೇನಲ್ಲ. ಅದಕ್ಕೆ ಭಾರ ಹೊರಿಸಿದ ದಿನಕ್ಕೂ ಅದು ಓಡಿದ ದಿನಕ್ಕೂ ನಡುವೆ ಒಂದು ಸಂಗತಿ ನಡೆದುಹೋಗಿತ್ತು, ಅಷ್ಟೇ.

ನಮ್ಮ ಕಡೆ ಬೆಂಗಳೂರು, ಮೈಸೂರಿನಲ್ಲಿ ನೋಡೋದು ಫ್ಲಾಟ್ ರೇಸ್. ಕುದುರೆ ಸಮತಟ್ಟಾದ ಹುಲ್ಲಿನ ಮೇಲೆ ಒಂದೆರಡು ನಿಮಿಷ ಓಡಿದರೆ ಮುಗಿಯಿತು. ಮುಂಬಯಿಯ ಇಂಡಿಯನ್ ಡರ್ಬಿ 2400 ಮೀಟರ್. ಗ್ರ್ಯಾಂಡ್ ನ್ಯಾಷನಲ್ ಸುಮಾರು 6.9 ಕಿಲೋಮೀಟರ್, ಜೊತೆಗೆ 30 ಫೆನ್ಸ್ ಹಾರಬೇಕು. ಜಿಗಿತದ ರೇಸ್‌ಗಳಲ್ಲಿ ಎರಡು ಬಗೆ ಇವೆ. ಹರ್ಡಲ್ ರೇಸಿನ ಅಡ್ಡಗಳು ಗಿಡ್ಡ, ಮೂರೂವರೆ ಅಡಿ ಆಸುಪಾಸು. ಚೇಸ್‌ನ ಫೆನ್ಸ್‌ಗಳು ನಾಲ್ಕೂವರೆ ಅಡಿ ಮತ್ತು ಅದಕ್ಕಿಂತ ಜಾಸ್ತಿ. ಏಂಟ್ರೀಯ 'ಚೇರ್' ಅನ್ನೋ ಫೆನ್ಸ್ ಐದು ಅಡಿ ಎರಡು ಇಂಚು. 'ಬೀಚರ್ಸ್ ಬ್ರುಕ್' ಹಾರಿದರೆ ಆ ಕಡೆ ನೆಲ ಈ ಕಡೆಗಿಂತ ಕೆಳಗಿರುತ್ತದೆ, ಕಾಲೂರುವಾಗ ಕುದುರೆ ಮುಗ್ಗರಿಸೋದು ಸುಲಭ. ಹಾಗಾಗಿ ಇಲ್ಲಿ ವೇಗವೊಂದೇ ಸಾಲದು. ದಮ್ಮು ಬೇಕು, ಜಿಗಿತ ಬೇಕು, ಕೊನೆಗೆ ಕಾಲ ಮೇಲೆ ನಿಂತಿರಲೂ ಬೇಕು. ಅವತ್ತು ಹೊರಟ 39ರಲ್ಲಿ ಕೊನೆ ಮುಟ್ಟಿದ್ದು 17.

ಫಾರ್ಮ್, ಅಂದರೆ ಕುದುರೆಯ ಹಿಂದಿನ ಓಟಗಳ ದಾಖಲೆ, ಓದೋದು ಅಂದರೆ ಹೆಚ್ಚಿನವರು ಕುದುರೆಯ ಹೆಸರಿನ ಪಕ್ಕದ ಅಂಕಿಗಳನ್ನು ನೋಡ್ತಾರೆ. ಬಲತುದಿಯ ಅಂಕಿ ತೀರಾ ಇತ್ತೀಚಿನ ಓಟದ್ದು. 1 ಅಂದರೆ ಗೆಲುವು, 4 ಅಂದರೆ ನಾಲ್ಕನೇ ಸ್ಥಾನ, ಸೊನ್ನೆ ಅಂದರೆ ಒಂಬತ್ತರ ಆಚೆ. ಅಡ್ಡಗೆರೆ ಒಂದು ಸೀಸನ್ನಿನಿಂದ ಇನ್ನೊಂದನ್ನು ಬೇರೆ ಮಾಡುತ್ತದೆ. ಜಿಗಿತದ ರೇಸಿನಲ್ಲಿ ಅಕ್ಷರಗಳೂ ಬರ್ತವೆ: ಎಫ್ ಅಂದರೆ ಕುದುರೆ ಬಿತ್ತು, ಯು ಅಂದರೆ ಜಾಕಿ ಕೆಳಗೆ ಬಿದ್ದರು, ಪಿ ಅಂದರೆ ಜಾಕಿಯೇ ನಡುವೆ ನಿಲ್ಲಿಸಿದರು. ಈ ಅಕ್ಷರಗಳನ್ನೆಲ್ಲ ಒಂದೇ ಎಂದು ಓದೋದು ದೊಡ್ಡ ತಪ್ಪು. ಮೂರನೇ ಫೆನ್ಸಿನಲ್ಲೇ ಬಿದ್ದ ಕುದುರೆಯ ದಮ್ಮಿನ ಬಗ್ಗೆ ಆ ಓಟ ಏನೂ ಹೇಳೋಲ್ಲ. ಕೊನೆಯ ಫೆನ್ಸಿನಲ್ಲಿ ಸುಸ್ತಾಗಿ ಬಿದ್ದದ್ದು ಬೇರೆಯೇ ಮಾತು. ಅಂಕಿಗಳ ಕಥೆಯೂ ಅಷ್ಟೇ. ಸಣ್ಣ ಮೈದಾನದ ಐದು ಕುದುರೆಗಳ ರೇಸಿನ 1ಕ್ಕಿಂತ ದೊಡ್ಡ ಹ್ಯಾಂಡಿಕ್ಯಾಪ್‌ನ (ಒಳ್ಳೆ ಕುದುರೆಗೆ ಹೆಚ್ಚು ಭಾರ ಹೊರಿಸಿ ಓಡಿಸುವ ರೇಸ್) 4 ಎಷ್ಟೋ ಸಲ ತೂಕದ್ದು.

ಕೊರಾಕ್ ರಾಂಬ್ಲರ್ ವಿಷಯದಲ್ಲಿ ಇದೇ ಆಯಿತು. 2022ರ ಮಾರ್ಚ್‌ನಲ್ಲಿ ಚೆಲ್ಟೆನ್‌ಹ್ಯಾಮ್ ಹಬ್ಬದ ಅಲ್ಟಿಮಾ ಹ್ಯಾಂಡಿಕ್ಯಾಪ್ ಚೇಸ್ ಗೆದ್ದಿತ್ತು. ಆಮೇಲೆ ನವೆಂಬರ್‌ನಲ್ಲಿ ನ್ಯೂಬರಿಯ ಕೋರಲ್ ಗೋಲ್ಡ್ ಕಪ್‌ನಲ್ಲಿ ನಾಲ್ಕನೆಯದಾಗಿ ಬಂತು. ಅಲ್ಲಿಂದ ಮಾರ್ಚ್‌ವರೆಗೆ ಓಟವಿಲ್ಲ. ಬರೀ ಅಂಕಿ ನೋಡುವವರಿಗೆ ಇದು ಮಂಕಾದ ಕುದುರೆ. ಆದರೆ ಅದರ ಟ್ರೇನರ್ ಲೂಸಿಂಡಾ ರಸೆಲ್ ಸ್ಕಾಟ್ಲೆಂಡಿನ ಕಿನ್‌ರಾಸ್ ಹತ್ತಿರ ಲಾಯ ನಡೆಸುವವರು, ಜೊತೆಗಿರುವವರು ಎಂಟು ಸಲ ಚಾಂಪಿಯನ್ ಜಾಕಿಯಾಗಿದ್ದ ಪೀಟರ್ ಸ್ಕುಡಮೋರ್. 2017ರಲ್ಲೇ ಒನ್ ಫಾರ್ ಆರ್ಥರ್ ಅನ್ನೋ ಕುದುರೆಯ ಮೂಲಕ ಗ್ರ್ಯಾಂಡ್ ನ್ಯಾಷನಲ್ ಗೆದ್ದವರು ಇವರು. ಅಂಥ ಲಾಯ ಒಂದು ಕುದುರೆಯನ್ನು ಚಳಿಗಾಲವಿಡೀ ಓಡಿಸದೆ ಮಾರ್ಚ್‌ಗೆ ತಂದು ನಿಲ್ಲಿಸಿದರೆ ಅದರ ಹಿಂದೆ ಯೋಜನೆ ಇರುತ್ತದೆ, ಅಲ್ವಾ?

ಈಗ ಅಸಲು ವಿಷಯಕ್ಕೆ ಬರೋಣ. ಗ್ರ್ಯಾಂಡ್ ನ್ಯಾಷನಲ್ ಹ್ಯಾಂಡಿಕ್ಯಾಪ್ ರೇಸ್. ಪ್ರತಿ ಕುದುರೆಗೂ ಅಧಿಕೃತ ರೇಟಿಂಗ್ ಇದೆ. ರೇಟಿಂಗ್‌ನ ಒಂದು ಅಂಕಕ್ಕೆ ಒಂದು ಪೌಂಡ್ ಭಾರ. ಒಳ್ಳೆ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ. ಹ್ಯಾಂಡಿಕ್ಯಾಪರ್, ಅಂದರೆ ರೇಟಿಂಗ್ ಕೊಡುವ ಅಧಿಕಾರಿ, ತನ್ನ ಕೆಲಸ ಸರಿಯಾಗಿ ಮಾಡಿದ್ದರೆ, ಲೆಕ್ಕದ ಪ್ರಕಾರ ಎಲ್ಲವೂ ಒಟ್ಟಿಗೇ ಗೆರೆ ದಾಟಬೇಕು. ಹಾಗಾಗಿ 'ಯಾವುದು ಒಳ್ಳೆ ಕುದುರೆ' ಅನ್ನೋ ಪ್ರಶ್ನೆಯನ್ನು ಭಾರವೇ ತಿಂದುಹಾಕಿರುತ್ತದೆ. ಉಳಿಯೋದು ಒಂದೇ ಪ್ರಶ್ನೆ: ಹ್ಯಾಂಡಿಕ್ಯಾಪರ್ ಎಲ್ಲಿ ಹಿಂದೆ ಬಿದ್ದಿದ್ದಾರೆ?

ಆ ವರ್ಷ ಎಲ್ಲಕ್ಕಿಂತ ಮೇಲಿದ್ದದ್ದು ಎನಿ ಸೆಕೆಂಡ್ ನೌ. ರೇಟಿಂಗ್ 167, ಭಾರ 11 ಸ್ಟೋನ್ 12 ಪೌಂಡ್. ಒಂದು ಸ್ಟೋನ್‌ಗೆ 14 ಪೌಂಡ್ ಆದ್ದರಿಂದ ಒಟ್ಟು 166 ಪೌಂಡ್, ಸುಮಾರು 75 ಕಿಲೋ. ಕೊರಾಕ್ ರಾಂಬ್ಲರ್ ರೇಟಿಂಗ್ 146. ವ್ಯತ್ಯಾಸ 21 ಅಂಕ. 166ರಿಂದ 21 ಕಳೆದರೆ 145 ಪೌಂಡ್, ಅಂದರೆ 10 ಸ್ಟೋನ್ 5 ಪೌಂಡ್, ಸುಮಾರು 66 ಕಿಲೋ. ಇಷ್ಟು ಸರಳ.

ಆದರೆ ಈ ಭಾರಗಳನ್ನು ಪ್ರಕಟಿಸಿದ್ದು ಫೆಬ್ರವರಿ ಮೊದಲ ಭಾಗದಲ್ಲಿ. ರೇಸ್ ನಡೆಯೋದು ಏಪ್ರಿಲ್‌ನಲ್ಲಿ. ಒಮ್ಮೆ ಪ್ರಕಟವಾದ ಮೇಲೆ ಕುದುರೆ ಏನೇ ಸಾಧಿಸಿದರೂ ನ್ಯಾಷನಲ್‌ನ ಭಾರ ಏರೋಲ್ಲ. ಈ ನಡುವೆ ಮಾರ್ಚ್ 14ರಂದು ಕೊರಾಕ್ ರಾಂಬ್ಲರ್ ಮತ್ತೆ ಚೆಲ್ಟೆನ್‌ಹ್ಯಾಮ್‌ಗೆ ಹೋಗಿ ಅಲ್ಟಿಮಾ ರೇಸನ್ನು ಎರಡನೇ ಸಲ ಗೆದ್ದುಬಿಟ್ಟಿತು. ಹಿಂದಿನ ವರ್ಷ ಗೆದ್ದಾಗ ರೇಟಿಂಗ್ 140, ಈ ಸಲ 146. ಗೆಲುವಿನ ನಂತರ ಹ್ಯಾಂಡಿಕ್ಯಾಪರ್ ಅದನ್ನು 156ಕ್ಕೆ ಏರಿಸಿದರು. ನ್ಯಾಷನಲ್‌ನಲ್ಲಿ ಮಾತ್ರ ಅದೇ ಹಳೆಯ 146ರ ಭಾರ. ಹತ್ತು ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಉಳಿತಾಯ. ಸಂತೆಯಲ್ಲಿ ಬೆಲೆ ಏರಿದ ಮೇಲೂ ಹಳೆ ಚೀಟಿ ತೋರಿಸಿ ಹಳೆ ದರಕ್ಕೇ ಸಾಮಾನು ತಂದ ಹಾಗೆ.

ಹತ್ತು ಪೌಂಡ್ ಎಷ್ಟು ದೊಡ್ಡದು? ಮೂರು ಮೈಲಿಯ ಚೇಸ್‌ನಲ್ಲಿ ಒಂದು ಪೌಂಡಿಗೆ ಸುಮಾರು ಒಂದು ಲೆಂತ್ (ಒಂದು ಕುದುರೆಯ ಉದ್ದ) ಅಂತ ರೂಢಿಯ ಲೆಕ್ಕ. ಹಾಗೆ ನೋಡಿದರೆ ಕಾಗದದ ಮೇಲೆ ಹತ್ತು ಲೆಂತ್ ಮುಂದೆ. ಇದನ್ನು ನಾನು ಮೊಳಕೋಲು ಹಿಡಿದು ಅಳೆಯೋದಕ್ಕೆ ಹೋಗೋಲ್ಲ. ಆದರೆ ಬೇರೆ ಕುದುರೆಗಳಿಗೆ ಸಿಗದ ರಿಯಾಯಿತಿ ಇದಕ್ಕೆ ಸಿಕ್ಕಿತ್ತು ಅನ್ನೋದರಲ್ಲಿ ಅನುಮಾನವೇ ಇಲ್ಲ.

ಇದರ ವಿರುದ್ಧವೂ ಮಾತುಗಳಿದ್ದವು, ಅವು ಪೊಳ್ಳಲ್ಲ. ಮೊದಲನೆಯದು ದೂರ. ಅಲ್ಟಿಮಾ ಮೂರು ಮೈಲಿ ಒಂದು ಫರ್ಲಾಂಗ್. ನ್ಯಾಷನಲ್ ಅದಕ್ಕಿಂತ ಒಂದು ಮೈಲಿಗೂ ಹೆಚ್ಚು. ವಂಶ ನೋಡುವವರಿಗೆ ಇನ್ನೂ ದೊಡ್ಡ ಅನುಮಾನ. ಇದರ ಅಪ್ಪ ಜೆರೆಮಿ ಫ್ಲಾಟ್ ರೇಸಿನ ಕುದುರೆ. 2006ರಲ್ಲಿ ರಾಯಲ್ ಆಸ್ಕಟ್‌ನಲ್ಲಿ ಏಳು ಫರ್ಲಾಂಗಿನ ಜರ್ಸಿ ಸ್ಟೇಕ್ಸ್ ಗೆದ್ದಿತ್ತು. ಏಳು ಫರ್ಲಾಂಗ್ ಓಡಿದವನ ಮಗ ನಾಲ್ಕು ಮೈಲಿ ದಾಟಿ ಓಡ್ತಾನಾ?

ಇಂಥಲ್ಲಿ ನಾನು ವಂಶಾವಳಿಯನ್ನು ಪಕ್ಕಕ್ಕಿಟ್ಟು ಕುದುರೆ ರೇಸ್ ಮುಗಿಸುವ ರೀತಿ ನೋಡ್ತೇನೆ. ಅಲ್ಟಿಮಾದಲ್ಲಿ ಎರಡೂ ವರ್ಷ ಇದು ಆಡಿದ ಆಟ ಒಂದೇ. ಮೊದಲರ್ಧ ಹಿಂದಿನ ಸಾಲಿನಲ್ಲಿ ಹಾಯಾಗಿ ಇರೋದು, ಕೊನೆಗೆ ಒಂದೊಂದನ್ನೇ ಹಿಂದಕ್ಕೆ ಹಾಕೋದು. ಚೆಲ್ಟೆನ್‌ಹ್ಯಾಮ್‌ನ ಕೊನೆಯ ಭಾಗ ಏರು. ದಮ್ಮಿಲ್ಲದ ಕುದುರೆ ಅಲ್ಲಿ ಕಾಲು ಎಳೆಯುತ್ತದೆ. ಇದು ಅಲ್ಲೇ ಜೋರಾಯಿತು. ಹಾಗೆ ಓಡುವ ಕುದುರೆಗೆ ಇನ್ನೊಂದು ಮೈಲಿ ಕೊಟ್ಟರೆ ಒಳ್ಳೆಯದೇ ಆಗುವ ಸಾಧ್ಯತೆ ಜಾಸ್ತಿ. ಮಕ್ಕಳು ಅಪ್ಪನ ಹಾಗೇ ಇರಬೇಕೆಂದಿಲ್ಲ ಅನ್ನೋದು ಕುದುರೆ ಲಾಯಕ್ಕೂ ಅನ್ವಯಿಸುತ್ತದೆ.

ಎರಡನೆಯದು ಗುಂಪು. ಹಿಂದೆ ಓಡುವ ಕುದುರೆಗೆ 39ರ ರೇಸಿನಲ್ಲಿ ಮುಂದೆ ಬಿದ್ದವುಗಳ ಕಾಟ. ತಾನು ಸರಿಯಾಗಿ ಹಾರಿದರೂ ಎದುರಿಗೆ ಬಿದ್ದ ಕುದುರೆಗೆ ತಾಗಿ ಉರುಳಬಹುದು. ಇದಕ್ಕೆ ಫಾರ್ಮ್ ಪುಸ್ತಕದಲ್ಲಿ ಉತ್ತರವಿಲ್ಲ. ಒಂದು ಸಮಾಧಾನ ಇತ್ತು. 2012ರ ನಂತರ ಏಂಟ್ರೀಯ ಫೆನ್ಸ್‌ಗಳ ಒಳಗಿನ ಗಟ್ಟಿ ಮರದ ಚೌಕಟ್ಟು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದ್ದಾರೆ. ಮೊದಲಿನಷ್ಟು ಕಠಿಣ ಶಿಕ್ಷೆ ಈಗಿಲ್ಲ. ಮೂರನೆಯದು ಜಾಕಿ. ಡೆರೆಕ್ ಫಾಕ್ಸ್ ಅವರೇ 2017ರ ಗೆಲುವಿನ ಸವಾರರು, ಈ ಕುದುರೆಯ ಸ್ವಭಾವ ಬಲ್ಲವರು. ಆದರೆ ಗಾಯವಾಗಿದ್ದರಿಂದ ರೇಸ್ ದಿನವಷ್ಟೇ ಅವರು ಫಿಟ್ ಅಂತ ಖಾತ್ರಿಯಾಯಿತು. ಬೆಳಿಗ್ಗೆಯವರೆಗೂ ಕಾಯದೆ ಮುಂಚೆಯೇ ದುಡ್ಡು ಕಟ್ಟಿದವರ ಪಾಡು ಏನಾಗಿತ್ತೋ.

ಎದುರಾಳಿಗಳಲ್ಲಿ ನಾನು ಹೆಚ್ಚು ಹೊತ್ತು ನೋಡಬೇಕು ಅನ್ನೋದು ನೋಬಲ್ ಯೇಟ್ಸ್. ಹಿಂದಿನ ವರ್ಷ, 2022ರಲ್ಲಿ, ನ್ಯಾಷನಲ್ ಗೆದ್ದದ್ದು ಅದೇ. ಆಗ ಅದಕ್ಕೆ ಏಳು ವರ್ಷ, ದರ 50/1, ಸವಾರಿ ಮಾಡಿದ್ದು ಹವ್ಯಾಸಿ ಜಾಕಿ ಸ್ಯಾಮ್ ವೇಲಿ-ಕೋಹೆನ್. 1940ರಲ್ಲಿ ಬಾಗ್ಸ್‌ಕಾರ್ ಗೆದ್ದ ಮೇಲೆ ಏಳು ವರ್ಷದ ಕುದುರೆ ಗೆದ್ದದ್ದೇ ಇರಲಿಲ್ಲ. 'ಏಳು ವರ್ಷದ ಕುದುರೆ ಬೇಡ' ಅಂತ ಎಷ್ಟೋ ಜನ ಪಟ್ಟಿಯಿಂದ ಕಣ್ಣುಮುಚ್ಚಿ ಹೊಡೆದುಹಾಕ್ತಿದ್ದರು. ಇಂಥ ಹಳೆ ದಾಖಲೆಯ ನಿಯಮಗಳ ಮೇಲೆ ನನಗೆ ನಂಬಿಕೆ ಕಡಿಮೆ. ಏಳು ವರ್ಷದವು ಓಡುವುದೇ ಅಪರೂಪ. ಓಡದ ಕುದುರೆ ಗೆಲ್ಲೋದು ಹೇಗೆ?

ಗೆದ್ದಾಗ ನೋಬಲ್ ಯೇಟ್ಸ್ ಹೊತ್ತದ್ದು 10 ಸ್ಟೋನ್ 10 ಪೌಂಡ್. 2023ಕ್ಕೆ 11 ಸ್ಟೋನ್ 11. ಹದಿನೈದು ಪೌಂಡ್ ಜಾಸ್ತಿ. ಕುದುರೆಯೇನೂ ಕೆಟ್ಟಿರಲಿಲ್ಲ. ಆ ಮಾರ್ಚ್‌ನಲ್ಲಿ ಚೆಲ್ಟೆನ್‌ಹ್ಯಾಮ್ ಗೋಲ್ಡ್ ಕಪ್‌ನಲ್ಲಿ ನಾಲ್ಕನೆಯದಾಗಿ ಬಂದಿತ್ತು. ಗೋಲ್ಡ್ ಕಪ್‌ನಲ್ಲಿ ಹ್ಯಾಂಡಿಕ್ಯಾಪ್ ಇಲ್ಲ, ಹೆಣ್ಣು ಕುದುರೆಗಳಿಗೆ ಸಿಗುವ ಸಣ್ಣ ವಿನಾಯಿತಿ ಬಿಟ್ಟರೆ ಎಲ್ಲಕ್ಕೂ ಸಮ ಭಾರ, ಬ್ರಿಟನ್ ಮತ್ತು ಐರ್ಲೆಂಡಿನ ಅತ್ಯುತ್ತಮ ಕುದುರೆಗಳು. ಸಮ ಭಾರದಲ್ಲಿ ಕೊರಾಕ್ ರಾಂಬ್ಲರ್ ಮತ್ತು ನೋಬಲ್ ಯೇಟ್ಸ್ ಓಡಿದ್ದರೆ ಅವತ್ತಿನ ಸ್ಥಿತಿಯಲ್ಲಿ ನಾನು ನೋಬಲ್ ಯೇಟ್ಸ್ ಅನ್ನುತ್ತಿದ್ದೆ. ಆದರೆ ನ್ಯಾಷನಲ್‌ನಲ್ಲಿ ಅದು 20 ಪೌಂಡ್, ಅಂದರೆ ಒಂಬತ್ತು ಕಿಲೋ ಹೆಚ್ಚು ಹೊರಬೇಕಿತ್ತು.

ಇನ್ನು ದರ. ಗೆಲ್ಲುವ ಕುದುರೆ ಹುಡುಕೋದು ಒಂದು, ಕೊಡುವ ದರಕ್ಕೆ ಅದು ತಕ್ಕದ್ದೇ ಅಂತ ನೋಡೋದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡವರೇ ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆಗೆ ಬರಿಗೈಯಲ್ಲಿ ಬರೋದು. 8/1 ಅಂದರೆ ಒಂಬತ್ತರಲ್ಲಿ ಒಂದು ಸಲ ಗೆಲ್ಲಬೇಕು, ನೂರಕ್ಕೆ ಹನ್ನೊಂದು. 39 ಕುದುರೆಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ನೂರಕ್ಕೆ ಎರಡೂವರೆ. ಅಂದರೆ ಕೊರಾಕ್ ರಾಂಬ್ಲರ್‌ಗೆ ಸರಾಸರಿಗಿಂತ ನಾಲ್ಕು ಪಟ್ಟು ಅವಕಾಶ ಇದೆ ಅಂತ ಮಾರುಕಟ್ಟೆಯೇ ಒಪ್ಪಿಕೊಂಡಿತ್ತು. ಹತ್ತು ಪೌಂಡಿನ ವಿಷಯ ಗುಟ್ಟೇನಲ್ಲ, ಎಲ್ಲ ರೇಸ್ ಪತ್ರಿಕೆಗಳಲ್ಲೂ ಅಚ್ಚಾಗಿತ್ತು. ಅಲ್ಟಿಮಾ ಮುಗಿದ ಕೂಡಲೇ ದರ ಇಳಿಯಿತು. ಹಾಗಾಗಿ ರೇಸ್ ದಿನದ 8/1 ನನ್ನ ಲೆಕ್ಕದಲ್ಲಿ ನ್ಯಾಯವಾದ ದರ, ಅಗ್ಗದ ದರವಲ್ಲ. ಅಗ್ಗ ಇದ್ದದ್ದು ಫೆಬ್ರವರಿಯಲ್ಲಿ. ಭಾರ ಪ್ರಕಟವಾದ ದಿನವೇ 'ಈ ಕುದುರೆ ಮಾರ್ಚ್‌ನಲ್ಲಿ ಚೆಲ್ಟೆನ್‌ಹ್ಯಾಮ್‌ಗೆ ಹೋಗುತ್ತದೆ, ಅಲ್ಲಿ ಗೆಲ್ಲಬಹುದು' ಅಂತ ಯೋಚಿಸಿದವರಿಗೆ. ಅದಕ್ಕೆ ಬೇರೆ ಅಪಾಯವಿದೆ: ಕುದುರೆ ನ್ಯಾಷನಲ್‌ಗೆ ಬಾರದೇ ಹೋದರೆ ಕಟ್ಟಿದ ದುಡ್ಡು ಹೋದ ಹಾಗೇ.

ರೇಸ್ ದಿನ ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ಸಂಗತಿ ನಡೆಯಿತು. ಪ್ರಾಣಿ ಹಕ್ಕುಗಳ ಹೋರಾಟಗಾರರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಶುರುವಾಗೋದು ಹದಿನೈದು ನಿಮಿಷದಷ್ಟು ತಡವಾಯಿತು. ಈ ಮಟ್ಟದ ಕುದುರೆಗಳು ಆ ಹೊತ್ತಿಗೆ ತುದಿಗಾಲಲ್ಲಿ ನಿಂತಿರುತ್ತವೆ. ಕಾಯಿಸಿದರೆ ಕೆಲವು ಬೆವರಿ ಅರ್ಧ ಶಕ್ತಿ ಅಲ್ಲೇ ಕಳೆದುಕೊಳ್ತವೆ. ಮೊದಲ ಫೆನ್ಸಿನಲ್ಲೇ ಹಿಲ್ ಸಿಕ್ಸ್‌ಟೀನ್ ಬಿದ್ದು ಸತ್ತಿತು. ತಡವಾದದ್ದೇ ಕಾರಣ ಅಂತ ಒಂದು ಪಕ್ಷ, ಈ ರೇಸೇ ಕಾರಣ ಅಂತ ಇನ್ನೊಂದು ಪಕ್ಷ. ಫಾರ್ಮ್ ಲೆಕ್ಕ ಹಾಕುವವರು ಇದನ್ನು ನೋಡದ ಹಾಗೆ ಮುಂದೆ ಹೋಗೋದು ನನಗೆ ಸರಿ ಕಾಣೋಲ್ಲ. ನಾವು 'ಬೀಳುವ ಸಾಧ್ಯತೆ' ಅಂತ ಒಂದು ಅಂಕಿಯಾಗಿ ಬರೆದುಕೊಳ್ಳೋದು ಇದನ್ನೇ.

ಓಟದಲ್ಲಿ ಡೆರೆಕ್ ಫಾಕ್ಸ್ ಆತುರ ಮಾಡಲಿಲ್ಲ. ಎರಡನೇ ಸುತ್ತಿನಲ್ಲಿ ಕುದುರೆ ತಾನಾಗಿಯೇ ಮುಂದಿನ ಗುಂಪಿಗೆ ಸೇರಿಕೊಂಡಿತು. ಕೊನೆಯ ಫೆನ್ಸಿನ ಹೊತ್ತಿಗೆ ಮುಂದೆ. ಅಲ್ಲಿಂದ ಗೆರೆಗೆ ಸುಮಾರು 450 ಮೀಟರ್, ಜಿಗಿತವಿಲ್ಲ, ನಡುವೆ ಒಂದು ತಿರುವು. ಇಲ್ಲಿ ಈ ಕುದುರೆಯ ಒಂದು ಕೆಟ್ಟ ಚಾಳಿ ಗೊತ್ತಿರಬೇಕು. ಮುಂದೆ ಬಂದಮೇಲೆ ಸುಮ್ನೆ ನಿಧಾನ ಮಾಡುತ್ತದೆ, ಸುತ್ತ ನೋಡುತ್ತದೆ. ಅದಕ್ಕೇ ಇದನ್ನು ಯಾವಾಗಲೂ ತಡವಾಗಿ ಮುಂದೆ ತರೋದು. ಇಲ್ಲೂ ಹಾಗೇ ಆಯಿತು. ಹಿಂದಿನಿಂದ 20/1 ದರದ ವ್ಯಾನಿಲಿಯರ್ ಬಿರುಸಾಗಿ ಬಂತು. ಕೊನೆಗೆ ಅಂತರ ಎರಡೂ ಕಾಲು ಲೆಂತ್. ಮೂರನೆಯದು ಗೈಲಾರ್ಡ್ ಡು ಮೆನಿಲ್, ನಾಲ್ಕನೆಯದು ನೋಬಲ್ ಯೇಟ್ಸ್.

ಎರಡೂ ಕಾಲು ಲೆಂತ್ ಗೆಲುವು, ಹತ್ತು ಪೌಂಡ್ ರಿಯಾಯಿತಿ. ಸರಿಯಾದ ಭಾರ ಹೊತ್ತಿದ್ದರೆ ಸೋಲುತ್ತಿತ್ತು ಅಂತ ಲೆಕ್ಕ ಹೇಳುತ್ತದೆ. ಆದರೆ ಕೊನೆಯಲ್ಲಿ ಅದು ಪೂರ್ತಿ ಓಡಿದ್ದೇ ಇಲ್ಲವಲ್ಲ? ಗೆಲುವಿನ ಅಂತರವನ್ನು ಹಾಗೇ ನಂಬೋದು ಇಂಥ ಕುದುರೆಗಳಲ್ಲಿ ಅಪಾಯ. ಭಾರದ ರಿಯಾಯಿತಿ ಇಲ್ಲದಿದ್ದರೆ ಗೆಲ್ಲುತ್ತಿರಲಿಲ್ಲ ಅಂತ ನಾನು ಹೇಳಲಾರೆ. ಆ ರಿಯಾಯಿತಿಯಿಂದಾಗಿ ಸಣ್ಣಪುಟ್ಟ ಎಡವಟ್ಟಿಗೆ ಜಾಗ ಸಿಕ್ಕಿತು ಅನ್ನಬಹುದು. ನೋಬಲ್ ಯೇಟ್ಸ್ ಅಷ್ಟು ಭಾರ ಹೊತ್ತು ನಾಲ್ಕನೆಯದಾಗಿ ಬಂದದ್ದು ಅವತ್ತಿನ ಅತಿ ದೊಡ್ಡ ಓಟ ಅಂತ ನನ್ನ ಅಭಿಪ್ರಾಯ.

ಅಲ್ಟಿಮಾ ಫಾರ್ಮ್‌ನ ನಿಜವಾದ ಬೆಲೆ ಗೊತ್ತಾದದ್ದು ಆಮೇಲೆ. ಅಲ್ಲಿ ಕೊರಾಕ್ ರಾಂಬ್ಲರ್ ಹಿಂದೆ ಎರಡನೆಯದಾಗಿ ಬಂದದ್ದು ಫಾಸ್ಟರ್‌ಸ್ಲೋ. ಅದೇ ಫಾಸ್ಟರ್‌ಸ್ಲೋ ಏಪ್ರಿಲ್ ಕೊನೆಯಲ್ಲಿ ಐರ್ಲೆಂಡಿನ ಪಂಚ್‌ಸ್ಟೌನ್ ಗೋಲ್ಡ್ ಕಪ್‌ನಲ್ಲಿ ಚೆಲ್ಟೆನ್‌ಹ್ಯಾಮ್ ಗೋಲ್ಡ್ ಕಪ್ ವಿಜೇತ ಗ್ಯಾಲೊಪಾನ್ ಡೆ ಶಾಂಪ್ ಅನ್ನೇ ಸೋಲಿಸಿತು. ಅಂದರೆ ಅಲ್ಟಿಮಾ ಸಾಧಾರಣ ಹ್ಯಾಂಡಿಕ್ಯಾಪ್ ಆಗಿರಲಿಲ್ಲ. 156 ಅನ್ನೋ ಹೊಸ ರೇಟಿಂಗೂ ಕಡಿಮೆಯೇ ಇರಬಹುದು. ಆದರೆ ಇದು ಏಪ್ರಿಲ್ 15ರಂದು ಯಾರ ಕೈಯಲ್ಲೂ ಇಲ್ಲದ ಮಾಹಿತಿ. ಪ್ರಕರಣ ಬರೆಯುವಾಗ ಇದನ್ನು ಮುಂಚೆಯೇ ಗೊತ್ತಿದ್ದ ಹಾಗೆ ಸೇರಿಸಿಬಿಡುವ ಆಸೆ ಬರುತ್ತದೆ. ಸೇರಿಸಬಾರದು.

ಭಾರತದ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿತು. ಮೇಲಿನ ಲೆಕ್ಕ ನೋಡಿದರೆ ಒಪ್ಪಬೇಕು. ಆದರೆ ಅದೇ ಕುದುರೆಯ ಮುಂದಿನ ವರ್ಷವನ್ನೂ ನೋಡಿ. 2024ರ ಮಾರ್ಚ್‌ನಲ್ಲಿ ಕೊರಾಕ್ ರಾಂಬ್ಲರ್ ಚೆಲ್ಟೆನ್‌ಹ್ಯಾಮ್ ಗೋಲ್ಡ್ ಕಪ್‌ನಲ್ಲಿ ಮೂರನೆಯದಾಗಿ ಬಂತು. ಅದರ ಮುಂದಿದ್ದದ್ದು ಗ್ಯಾಲೊಪಾನ್ ಡೆ ಶಾಂಪ್ ಮತ್ತು ಗೆರಿ ಕೊಲಂಬ್ ಮಾತ್ರ. ಏಂಟ್ರೀ ಗೊತ್ತು, ದೂರ ಗೊತ್ತು, ಜಾಕಿ ಅದೇ, ಫಾರ್ಮ್ ಹಿಂದಿಗಿಂತ ಒಳ್ಳೆಯದು. ಏಪ್ರಿಲ್‌ನಲ್ಲಿ ನ್ಯಾಷನಲ್‌ಗೆ ಬಂದಾಗ ಮುಂಚೂಣಿಯ ಕುದುರೆಗಳಲ್ಲಿ ಒಂದು. ಮೊದಲ ಫೆನ್ಸ್ ಹಾರಿತು, ಕಾಲೂರುವಾಗ ಮುಗ್ಗರಿಸಿತು, ಡೆರೆಕ್ ಫಾಕ್ಸ್ ನೆಲಕ್ಕೆ. ಆ ವರ್ಷ ಹೊರಟ 32 ಕುದುರೆಗಳಲ್ಲಿ ಬಿದ್ದ ಕುದುರೆ ಒಂದೂ ಇಲ್ಲ ಅಂತ ದಾಖಲೆ ಹೇಳುತ್ತದೆ. ಸವಾರ ಬಿದ್ದ ಲೆಕ್ಕವೇ ಬೇರೆ. ಫಾರ್ಮ್ ಸಾಲಿನಲ್ಲಿ ಒಂದು ಯು ಸೇರಿಕೊಂಡಿತು. ಅದನ್ನು ಓದಿ ಮುಂದೆ ಯಾರಾದರೂ 'ಜಿಗಿತ ಸರಿಯಿಲ್ಲ' ಅಂದರೆ ಅದು ಶುದ್ಧ ಅನ್ಯಾಯ.

2024ರಿಂದ ರೇಸಿನ ರೂಪವೇ ಬದಲಾಗಿದೆ. 40 ಕುದುರೆಗಳ ಮಿತಿ 34ಕ್ಕೆ ಇಳಿದಿದೆ. ಮೊದಲ ಫೆನ್ಸನ್ನು ಹತ್ತಿರ ತಂದಿದ್ದಾರೆ, ವೇಗ ಏರುವ ಮುಂಚೆಯೇ ಹಾರಲಿ ಅಂತ. ಕನಿಷ್ಠ ರೇಟಿಂಗ್ 125ರಿಂದ 130ಕ್ಕೆ ಏರಿದೆ. ಕೆಳಗಿನ ಕುದುರೆಗಳು ಒಳಗೆ ಬರೋದೇ ಕಷ್ಟ. ಇದರ ಫಲ ಫಲಿತಾಂಶದಲ್ಲಿ ಕಾಣ್ತಿದೆ. 2024ರಲ್ಲಿ ಗೆದ್ದ ಐ ಆ್ಯಮ್ ಮ್ಯಾಕ್ಸಿಮಸ್ ಹೊತ್ತದ್ದು 11 ಸ್ಟೋನ್ 6 ಪೌಂಡ್. 2025ರಲ್ಲಿ 33/1 ದರಕ್ಕೆ ಗೆದ್ದ ನಿಕ್ ರಾಕೆಟ್ ಹೊತ್ತದ್ದು 11 ಸ್ಟೋನ್ 8, ಎರಡನೆಯದು ಮತ್ತೆ ಮ್ಯಾಕ್ಸಿಮಸ್, ಅದೂ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತು. ಮೊದಲ ಮೂರೂ ಐರ್ಲೆಂಡಿನ ವಿಲ್ಲಿ ಮಲಿನ್ಸ್ ಅವರ ಲಾಯದವು. ಹನ್ನೊಂದು ಸ್ಟೋನ್ ಒಳಗಿನ ಕುದುರೆಗಳನ್ನೇ ಮೊದಲು ನೋಡುವ ಹಳೆ ಅಭ್ಯಾಸ ಈಗ ನಡೆಯೋಲ್ಲ. ಭಾರದ ಪಟ್ಟಿ ಬಂದ ದಿನಕ್ಕೂ ರೇಸ್ ದಿನಕ್ಕೂ ನಡುವೆ ಯಾವ ಕುದುರೆಯ ರೇಟಿಂಗ್ ಎಷ್ಟು ಏರಿತು ಅಂತ ನಾನು ಈಗಲೂ ಬರೆದಿಟ್ಟುಕೊಳ್ತೇನೆ, ಆದರೆ ಪಟ್ಟಿಯನ್ನು ಮೇಲಿನಿಂದ ಓದೋದಕ್ಕೆ ಶುರು ಮಾಡಿದ್ದೇನೆ.